ನವಾಹೊ ಜನರ ಕರಿದ ರೊಟ್ಟಿ ಮನೆಯಲ್ಲಿ ಮಾಡಿದರೆ ಚಪ್ಪಲಿಯ ಅಟ್ಟೆಯಂತಾಗುತ್ತಿದೆ, ಹದ ತಿಳಿದವರು ದಯವಿಟ್ಟು ಹೇಳಿ

ಕೆರೆದಂಡೆ

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವಳು. ಆರು ವರ್ಷಗಳಿಂದ ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಅಲ್ಬುಕರ್ಕಿಯಲ್ಲಿ ಇದ್ದೇನೆ. ಇಲ್ಲಿಂದ ಪಶ್ಚಿಮಕ್ಕೆ ಎರಡು ಗಂಟೆಯ ದಾರಿಯಲ್ಲಿ ಗ್ಯಾಲಪ್ ಎಂಬ ಊರಿದೆ. ಅಲ್ಲಿ ಶನಿವಾರ ಸೇರುವ ಸಂತೆಗೆ ಅಮೆರಿಕದ ಮೂಲನಿವಾಸಿಗಳಾದ ನವಾಹೊ ಜನರು ದೂರದ ಹಳ್ಳಿಗಳಿಂದ ಬಂದು ಜೋಳದ ತೆನೆ, ಕುರಿಮಾಂಸದ ಸಾರು, ನೇಯ್ಗೆ, ಗಿಡಮೂಲಿಕೆ ಎಲ್ಲವನ್ನೂ ಮಾರುತ್ತಾರೆ. ಅಲ್ಲಿ ವಯಸ್ಸಾದ ಹೆಂಗಸೊಬ್ಬರು ಕರಿಯುತ್ತಿದ್ದ ರೊಟ್ಟಿಯನ್ನು ನಾವು ತಿಂದೆವು. ಇಂಗ್ಲಿಷಿನಲ್ಲಿ ಅದನ್ನು ಫ್ರೈ ಬ್ರೆಡ್ ಎನ್ನುತ್ತಾರೆ. ಊಟದ ತಟ್ಟೆಯಷ್ಟು ಅಗಲವಿದ್ದ ಅದರ ಮೇಲ್ಮೈಯಲ್ಲಿ ಅಲ್ಲಲ್ಲಿ ಹೊಂಬಣ್ಣದ ಗುಳ್ಳೆಗಳಿದ್ದವು. ಅಂಚು ಗರಿಗರಿಯಾಗಿತ್ತು, ಹರಿದರೆ ಒಳಗೆ ಹತ್ತಿಯಂತೆ ಎಳೆ ಎಳೆಯಾಗಿ ಬಿಡುತ್ತಿತ್ತು. ಮಗಳು ಜೇನುತುಪ್ಪ ಸುರಿದುಕೊಂಡು ಒಂದಿಡೀ ರೊಟ್ಟಿಯನ್ನು ಒಬ್ಬಳೇ ಮುಗಿಸಿದಳು.

ಮನೆಗೆ ಬಂದ ಮೇಲೆ ಎರಡು ಸಲ ಪ್ರಯತ್ನಿಸಿದೆ. ಮೊದಲ ಸಲ ಮೈದಾ, ಉಪ್ಪು, ಬೇಕಿಂಗ್ ಪೌಡರ್ ಬೆರೆಸಿ, ಪೂರಿಯ ಹದಕ್ಕೆ ಕಲಸಿ, ಹತ್ತು ನಿಮಿಷ ಚೆನ್ನಾಗಿ ನಾದಿ, ಲಟ್ಟಣಿಗೆಯಲ್ಲಿ ಒತ್ತಿ ಕರಿದೆ. ಬಾಣಲೆಯಲ್ಲಿದ್ದಾಗ ಪೂರಿಯಂತೆ ಉಬ್ಬಿತು, ತೆಗೆದ ಕೂಡಲೇ ಕುಸಿಯಿತು, ಆರಿದ ಮೇಲೆ ಚಪ್ಪಲಿಯ ಅಟ್ಟೆಯಾಯಿತು. ಎರಡನೆಯ ಸಲ ಬೇಕಿಂಗ್ ಪೌಡರ್ ಮುಗಿದಿದ್ದುದರಿಂದ ಅದೇ ಅಳತೆಯ ಅಡುಗೆ ಸೋಡಾ ಹಾಕಿದೆ. ಈ ಸಲ ರೊಟ್ಟಿ ಕ್ಷಣದಲ್ಲಿ ಕಂದುಗಟ್ಟಿತು, ತಿಂದರೆ ಸಾಬೂನಿನ ರುಚಿ. ಯಜಮಾನರು ಒಂದು ತುತ್ತು ತಿಂದು, ಏನೂ ಹೇಳದೆ ಎದ್ದುಹೋಗಿ ಮೊಸರನ್ನ ಕಲಸಿಕೊಂಡರು. ತಪ್ಪು ಎಲ್ಲಿದೆ ಎಂದು ತಿಳಿದವರು ತಿಳಿಸಬೇಕಾಗಿ ವಿನಂತಿ.

ಕಡಲತಡಿ

ಮೇಡಂ, ನಾನು ಉಡುಪಿಯವಳು. ನೀವು ವರ್ಣಿಸುತ್ತಿರುವುದನ್ನು ಓದಿದರೆ ನಮ್ಮ ಬನ್ಸ್‌ನ ನೆಂಟನಂತೆ ಕಾಣುತ್ತದೆ. ಚೆನ್ನಾಗಿ ಕಳಿತ ಬಾಳೆಹಣ್ಣನ್ನು ಸಕ್ಕರೆಯೊಂದಿಗೆ ಕಿವುಚಿ, ಹುಳಿಮೊಸರು, ಚಿಟಿಕೆ ಸೋಡಾ, ಜೀರಿಗೆ, ಮೈದಾ ಸೇರಿಸಿ ಕಲಸಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಕರಿದರೆ ನಿಮಗೆ ಬೇಕಾದ ಮೃದುತ್ವ ತಾನಾಗಿ ಬರುತ್ತದೆ. ಬಾಳೆಹಣ್ಣು ಬೇಡವೆಂದರೆ ಮೊಸರನ್ನಾದರೂ ಸೇರಿಸಿ ನೋಡಿ.

ಕೆರೆದಂಡೆ

ಧನ್ಯವಾದಗಳು. ಬನ್ಸ್ ನಮಗೂ ಇಷ್ಟ. ಆದರೆ ಆ ಅಜ್ಜಿಯ ಹಿಟ್ಟಿನಲ್ಲಿ ಬಾಳೆಹಣ್ಣು, ಮೊಸರು, ಯೀಸ್ಟ್ ಯಾವುದೂ ಇರಲಿಲ್ಲ. ಏನೇನು ಹಾಕುತ್ತೀರಿ ಎಂದು ನಾನು ಕೇಳಿದ್ದಕ್ಕೆ ಹಿಟ್ಟು, ಉಪ್ಪು, ಬೇಕಿಂಗ್ ಪೌಡರ್, ಬಿಸಿನೀರು ಎಂದು ನಾಲ್ಕು ಬೆರಳು ಮಡಚಿ ತೋರಿಸಿದರು. ಎಷ್ಟೆಷ್ಟು ಎಂದು ಕೇಳಿದ್ದಕ್ಕೆ ನಕ್ಕರು, ಅಷ್ಟೇ. ನನಗೆ ಆ ನಾಲ್ಕರಿಂದಲೇ ಮಾಡುವ ಆಸೆ.

ಹಿಟ್ಟಿನ ಲೆಕ್ಕ

ಮೈಸೂರಿನಲ್ಲಿ ಆಹಾರ ತಂತ್ರಜ್ಞಾನವನ್ನು ಬಹುಕಾಲ ಪಾಠ ಮಾಡಿ ಈಗ ನಿವೃತ್ತನಾಗಿದ್ದೇನೆ. ಇದು ನನ್ನ ಇಷ್ಟದ ವಿಷಯವಾದುದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಬೇಸರಿಸಬೇಡಿ.

ಮೊದಲು ಸೋಡಾದ ಪ್ರಸಂಗ. ಅಡುಗೆ ಸೋಡಾ ಎಂಬುದು ಬರಿಯ ಕ್ಷಾರ. ಅದರಿಂದ ಅನಿಲ ಚೆನ್ನಾಗಿ ಹೊರಡಬೇಕಾದರೆ ಜೊತೆಗೆ ಹುಳಿ ಇರಬೇಕು. ಕಡಲತಡಿ ಅವರ ಬನ್ಸ್‌ನಲ್ಲಿ ಮೊಸರಿನ ಹುಳಿ ಆ ಕೆಲಸ ಮಾಡುತ್ತದೆ, ಆದುದರಿಂದಲೇ ಅಲ್ಲಿ ಚಿಟಿಕೆ ಸೋಡಾ ಸಾಕು. ಬೇಕಿಂಗ್ ಪೌಡರ್‌ನಲ್ಲಿಯಾದರೋ ಸೋಡಾದ ಜೊತೆಗೆ ಒಣ ಆಮ್ಲವನ್ನೂ ತೇವ ಹೀರುವ ಪಿಷ್ಟವನ್ನೂ ಬೆರೆಸಿಟ್ಟಿರುತ್ತಾರೆ. ನೀವು ಚಮಚಗಟ್ಟಲೆ ಸೋಡಾ ಹಾಕಿ ಹುಳಿ ಏನನ್ನೂ ಹಾಕದಿದ್ದುದರಿಂದ ಹೆಚ್ಚಿನ ಕ್ಷಾರ ಹಾಗೆಯೇ ಉಳಿದು ಸಾಬೂನಿನ ರುಚಿ ಕೊಟ್ಟಿತು. ಕ್ಷಾರ ಹೆಚ್ಚಿದ ಹಿಟ್ಟು ಎಣ್ಣೆಯಲ್ಲಿ ಬೇಗ ಕಂದುಗಟ್ಟುತ್ತದೆ, ಆದರೆ ಹೊರಗೆ ಕಂದಾದ ಮಾತ್ರಕ್ಕೆ ಒಳಗೆ ಬೆಂದಿದೆ ಎಂದಲ್ಲ.

ಇನ್ನು ಮೊದಲನೆಯ ಸಲದ ಅಟ್ಟೆಯ ವಿಷಯ. ನೀವು ಪೂರಿಯ ಹದ ಎಂದು ಬರೆದಿದ್ದೀರಿ, ಅಲ್ಲಿಯೇ ದಾರಿ ತಪ್ಪಿದೆ. ಪೂರಿಯ ಹಿಟ್ಟನ್ನು ನಾವು ಬೇಕೆಂದೇ ಗಟ್ಟಿಯಾಗಿ ಕಲಸುತ್ತೇವೆ. ತೆಳ್ಳಗೆ ಒತ್ತಿದ ಆ ಹಾಳೆಯೊಳಗೆ ಆವಿ ತುಂಬಿ ಎರಡು ಪದರಗಳು ಬೇರೆಯಾಗಲಿ ಎಂಬುದೇ ಅದರ ಉದ್ದೇಶ. ನಿಮ್ಮ ರೊಟ್ಟಿಗೆ ಬೇಕಾದದ್ದು ಒಂದೇ ದೊಡ್ಡ ಟೊಳ್ಳಲ್ಲ, ಒಳಗೆಲ್ಲ ಹರಡಿದ ಸಾವಿರ ಸಣ್ಣ ರಂಧ್ರಗಳು. ಅದಕ್ಕೆ ಹಿಟ್ಟು ಸಡಿಲವಾಗಿರಬೇಕು. 500 ಗ್ರಾಂ ಮೈದಾಕ್ಕೆ ಒಂದು ಟೀ ಚಮಚ ಉಪ್ಪು, ಮಟ್ಟಸವಾದ ಒಂದು ದೊಡ್ಡ ಚಮಚ ಬೇಕಿಂಗ್ ಪೌಡರ್, ಸುಮಾರು 360 ಮಿಲಿಲೀಟರ್ ಬೆಚ್ಚಗಿನ ನೀರು ಹಾಕಿ ನೋಡಿ. ಕೈಗೆ ತುಸು ಅಂಟುತ್ತದೆ, ಅಂಟಲಿ. ಎಲ್ಲಿಯೂ ಒಣಹಿಟ್ಟು ಉಳಿಯದಂತೆ ಕಲಸಿದ ಕೂಡಲೇ ಕೈ ತೆಗೆಯಿರಿ. ನಾದಿದಷ್ಟೂ ಮೈದಾದ ಅಂಟು (ಗ್ಲುಟೆನ್) ಬಿಗಿಯುತ್ತದೆ, ಚಪಾತಿಗೆ ಗುಣವಾದದ್ದು ಇಲ್ಲಿ ದೋಷವಾಗುತ್ತದೆ. ಮೇಲೆ ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಬಿಟ್ಟರೆ ಹಿಟ್ಟು ನೀರು ಕುಡಿದು, ಬಿಗಿದ ಅಂಟು ಸಡಿಲಿ, ಎಳೆದ ಕಡೆಗೆ ಹಿಂಜರಿಯದೆ ಬರುತ್ತದೆ. ಈಗ ಸಿಗುವ ಬೇಕಿಂಗ್ ಪೌಡರ್ ಸಾಮಾನ್ಯವಾಗಿ ಎರಡು ಹಂತದಲ್ಲಿ ಕೆಲಸ ಮಾಡುವಂಥದ್ದು, ನೀರು ತಾಗಿದಾಗ ಒಂದಿಷ್ಟು, ಬಿಸಿ ತಾಗಿದಾಗ ಉಳಿದದ್ದು. ಆದುದರಿಂದ ಅಷ್ಟು ಹೊತ್ತು ಬಿಟ್ಟರೆ ಶಕ್ತಿ ಹೋಗಿಬಿಡುತ್ತದೆ ಎಂಬ ಭಯ ಬೇಡ.

ನಿಮ್ಮ ಊರಿನ ಎತ್ತರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಲ್ಬುಕರ್ಕಿ ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು 95 ಡಿಗ್ರಿ ಸೆಲ್ಸಿಯಸ್ ಹತ್ತಿರವೇ ಕುದಿಯುತ್ತದೆ. ಗಾಳಿಯ ಒತ್ತಡ ಕಡಿಮೆಯಾದುದರಿಂದ ಅನಿಲ ಹೆಚ್ಚು ಹಿಗ್ಗುತ್ತದೆ, ಹಿಟ್ಟಿನ ಗೋಡೆಗಳು ಗಟ್ಟಿಯಾಗುವ ಮೊದಲೇ ಗುಳ್ಳೆಗಳು ಒಡೆದು ಕುಸಿಯುತ್ತವೆ. ಮೇಲೆ ಹೇಳಿದ ಒಂದು ದೊಡ್ಡ ಚಮಚವನ್ನು ನೀವು ಎರಡರಿಂದ ಎರಡೂವರೆ ಟೀ ಚಮಚಕ್ಕೆ ಇಳಿಸಿ. ಎಣ್ಣೆಯ ಕಾವಿಗೂ ಇದೇ ನ್ಯಾಯ. ಒಳಗಿನ ನೀರು ಬೇಗ ಆವಿಯಾಗಿ ಹೋಗುವುದರಿಂದ ಕೆಳನಾಡಿನಲ್ಲಿ 185 ಅಥವಾ 190 ಡಿಗ್ರಿಯಲ್ಲಿ ಕರಿಯುವುದನ್ನು ನಿಮ್ಮಲ್ಲಿ 175 ಅಥವಾ 180ರಲ್ಲಿ ಕರಿಯಬೇಕು, ಇಲ್ಲವಾದರೆ ಹೊರಗೆ ಬಣ್ಣ ಬಂದರೂ ಒಳಗೆ ಹಸಿಯಾಗಿಯೇ ಇರುತ್ತದೆ. ಥರ್ಮಾಮೀಟರ್ ಇಲ್ಲದಿದ್ದರೆ ಕಡಲೆಕಾಳಿನಷ್ಟು ಹಿಟ್ಟು ಹಾಕಿ ನೋಡಿ. ಅದು ತಳ ಮುಟ್ಟಿ ಅಲ್ಲಿಯೇ ಕುಳಿತರೆ ಎಣ್ಣೆ ಕಾದಿಲ್ಲ, ಕೂಡಲೇ ನೊರೆಯೊಂದಿಗೆ ತೇಲಿ ಬಂದರೆ ಸರಿಯಾಗಿದೆ, ತೇಲುತ್ತಲೇ ಕೆಂಪಾದರೆ ಉರಿ ತಗ್ಗಿಸಿ.

ಸಜ್ಜೆರೊಟ್ಟಿ

ಸರ್ ಬರೆದ ಲೆಕ್ಕ ಚೆನ್ನಾಗಿದೆ. ನಾನು ವಿಜಯಪುರದವಳು, ನನಗೆ ತಿಳಿದಿರುವುದು ಕೈಯ ಕೆಲಸ ಮಾತ್ರ. ಅಕ್ಕ, ನೀವು ಆ ಅಜ್ಜಿ ರೊಟ್ಟಿ ಮಾಡುವಾಗ ಕೈಗಳನ್ನು ಗಮನಿಸಿದಿರಾ? ಲಟ್ಟಣಿಗೆ ಹಿಡಿದಿದ್ದರೇ, ಇಲ್ಲವೇ ತಟ್ಟುತ್ತಿದ್ದರೇ?

ಕೆರೆದಂಡೆ

ಲಟ್ಟಣಿಗೆ ಅಲ್ಲಿ ಎಲ್ಲಿಯೂ ಕಾಣಲಿಲ್ಲ. ನಿಂಬೆಹಣ್ಣಿಗಿಂತ ದೊಡ್ಡದಾದ, ಕಿತ್ತಳೆಗಿಂತ ಚಿಕ್ಕದಾದ ಉಂಡೆ ತೆಗೆದುಕೊಂಡು ಬೆರಳ ತುದಿಯಿಂದ ಮೊದಲು ಬಿಲ್ಲೆ ಮಾಡಿಕೊಂಡರು. ಆಮೇಲೆ ಒಂದು ಅಂಗೈಯಿಂದ ಇನ್ನೊಂದು ಅಂಗೈಗೆ ಪಟಪಟನೆ ಬೀಸುತ್ತಾ, ಪ್ರತಿ ಬೀಸಿಗೂ ಸ್ವಲ್ಪ ತಿರುಗಿಸುತ್ತಾ ಹೋದರು. ಹತ್ತು ಹನ್ನೆರಡು ಬೀಸಿಗೆ ಅದು ತಟ್ಟೆಯಗಲವಾಯಿತು. ಆ ಸದ್ದು ಈಗಲೂ ಕಿವಿಯಲ್ಲಿದೆ.

ಸಜ್ಜೆರೊಟ್ಟಿ

ಹಾಗಿದ್ದರೆ ಅದು ತಟ್ಟುವ ರೊಟ್ಟಿಯೇ. ನಮ್ಮ ಮನೆಯಲ್ಲಿ ಹಿರಿಯರು ಜೋಳದ ರೊಟ್ಟಿಯನ್ನು ಕೊಣಮಿಗೆಯಲ್ಲಿ (ಹಿಟ್ಟು ನಾದಿ ತಟ್ಟುವ ಮರದ ಹರಿವಾಣ) ತಟ್ಟುತ್ತಾರೆ, ಹಳಬರು ಕೆಲವರು ಕೈಯಲ್ಲಿಯೇ ಬಡಿದು ಅಗಲ ಮಾಡುವುದನ್ನೂ ನೋಡಿದ್ದೇನೆ. ಆದರೆ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿಡಿ. ಜೋಳದ ಹಿಟ್ಟಿಗೆ ಅಂಟಿಲ್ಲ, ಎಳೆದರೆ ಹರಿಯುತ್ತದೆ, ಆದುದರಿಂದ ಅದನ್ನು ಒತ್ತಿ ಒತ್ತಿ ಹರಡಬೇಕು. ಮೈದಾಕ್ಕೆ ಅಂಟಿದೆ, ಅದು ತನ್ನ ತೂಕಕ್ಕೆ ತಾನೇ ಜೋಲುತ್ತದೆ, ನೀವು ಆ ತೂಕಕ್ಕೆ ದಾರಿ ಬಿಟ್ಟುಕೊಡಬೇಕಷ್ಟೆ. ಕೈಗೆ ಒಣಹಿಟ್ಟು ಹೆಚ್ಚು ಸವರಬೇಡಿ; ಎಣ್ಣೆಯಲ್ಲಿ ಆ ಹಿಟ್ಟೆಲ್ಲ ಉದುರಿ ತಳದಲ್ಲಿ ಕರಕಲಾಗಿ, ಮೂರನೆಯ ರೊಟ್ಟಿಯಿಂದ ಮುಂದಿನವಕ್ಕೆಲ್ಲ ಸುಟ್ಟ ವಾಸನೆ ಹಿಡಿಯುತ್ತದೆ. ನಡುವೆ ತೆಳ್ಳಗೆ, ಅಂಚು ತುಸು ದಪ್ಪಗೆ ಇರಲಿ. ಲಟ್ಟಣಿಗೆ ಮುಟ್ಟಿದರೆ ಒಳಗಿನ ಗಾಳಿಯೆಲ್ಲ ಹೋಗಿ ಮತ್ತೆ ಪೂರಿಯಾಗುತ್ತದೆ.

ನಾಲ್ಕು ಗಡಿ

ಈ ಚರ್ಚೆಯನ್ನು ಓದಿ ತುಂಬ ಸಂತೋಷವಾಯಿತು. ನಾನು ಶಿವಮೊಗ್ಗದವನು, ಹತ್ತು ವರ್ಷಗಳಿಂದ ನ್ಯೂ ಮೆಕ್ಸಿಕೊದ ಫಾರ್ಮಿಂಗ್ಟನ್‌ನಲ್ಲಿ ಫಿಸಿಯೊಥೆರಪಿಸ್ಟ್ ಆಗಿದ್ದೇನೆ. ನಮ್ಮ ಊರಿನ ಪಕ್ಕದಿಂದಲೇ ನವಾಹೊ ರಾಷ್ಟ್ರದ, ಅಂದರೆ ಅವರದೇ ಆಡಳಿತವಿರುವ ಮೀಸಲು ಪ್ರದೇಶದ, ನೆಲ ಆರಂಭವಾಗುತ್ತದೆ. ಮೂರು ರಾಜ್ಯಗಳಲ್ಲಿ ಹರಡಿರುವ ಆ ನೆಲ ಸುಮಾರು 71,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು. ನನ್ನಲ್ಲಿಗೆ ಚಿಕಿತ್ಸೆಗೆ ಬರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅವರೇ. ತಮ್ಮನ್ನು ಅವರು ದಿನೆ ಎಂದು ಕರೆದುಕೊಳ್ಳುತ್ತಾರೆ, ಜನ ಎಂದು ಅದರ ಅರ್ಥ.

ಮೊದಲು ಹಿಟ್ಟಿನ ಮಾತು. ಇಲ್ಲಿ ಯಾವ ಅಜ್ಜಿಯನ್ನು ಕೇಳಿದರೂ ಬ್ಲೂ ಬರ್ಡ್ ಹಿಟ್ಟು ಎಂದೇ ಹೇಳುತ್ತಾರೆ. ಕೊಲರಾಡೊ ರಾಜ್ಯದ ಕೊರ್ಟೆಝ್ ಎಂಬ ಸಣ್ಣ ಊರಿನ ಗಿರಣಿಯ ಹಿಟ್ಟು ಅದು. ಬಟ್ಟೆಯ ಚೀಲದಲ್ಲಿ ಬರುತ್ತದೆ, ಚೀಲದ ಮೇಲೆ ನೀಲಿ ಹಕ್ಕಿಯ ಚಿತ್ರ. ಹಿಟ್ಟು ಮುಗಿದ ಮೇಲೆ ಆ ಬಟ್ಟೆಯನ್ನು ಯಾರೂ ಎಸೆಯುವುದಿಲ್ಲ, ಒಗೆದು ಏಪ್ರನ್, ಕೈಚೀಲ, ಮಕ್ಕಳ ಲಂಗ ಹೊಲಿಯುತ್ತಾರೆ. ನಮ್ಮ ಅಜ್ಜಿ ಸಕ್ಕರೆ ಚೀಲವನ್ನು ಬಿಚ್ಚಿ ದಿಂಬಿನ ಗವಸು ಮಾಡುತ್ತಿದ್ದುದು ನನಗೆ ಆಗ ನೆನಪಾಗುತ್ತದೆ. ಅಲ್ಬುಕರ್ಕಿಯಲ್ಲಿಯೂ ಹುಡುಕಿದರೆ ಅದು ಸಿಗಬಹುದು. ಸಿಗದಿದ್ದರೆ ಬಿಳುಪು ಮಾಡದ ಸಾಮಾನ್ಯ ಆಲ್ ಪರ್ಪಸ್ ಹಿಟ್ಟನ್ನು ಬಳಸಿ. ಭಾರತೀಯ ಅಂಗಡಿಯ ಮೈದಾ ತೀರ ನುಣುಪು, ನನ್ನ ಅನುಭವದಲ್ಲಿ ಅದರಿಂದ ಆ ಎಳೆ ಬರುವುದಿಲ್ಲ.

ಇನ್ನೊಂದು ಮಾತನ್ನೂ ಸೇರಿಸಬೇಕು, ಏಕೆಂದರೆ ಇದನ್ನು ತಿಳಿಯದೆ ಈ ರೊಟ್ಟಿಯನ್ನು ತಿನ್ನುವುದು ನನಗೆ ಸರಿಕಾಣುವುದಿಲ್ಲ. ಈ ಜನ ಮೊದಲು ಗೋಧಿ ತಿನ್ನುವವರಲ್ಲ, ಜೋಳ (ನಾವು ಮುಸುಕಿನ ಜೋಳ ಎನ್ನುವುದು), ಹುರುಳಿಕಾಯಿ ಜಾತಿಯ ಕಾಳು, ಕುಂಬಳ ಇವೇ ಅವರ ಬೆಳೆ. 1863 ಮತ್ತು 1864ರಲ್ಲಿ ಅಮೆರಿಕದ ಸೈನ್ಯವು ಜನರಲ್ ಜೇಮ್ಸ್ ಕಾರ್ಲ್‌ಟನ್ ಆಜ್ಞೆಯಂತೆ, ಕಿಟ್ ಕಾರ್ಸನ್ ನಾಯಕತ್ವದಲ್ಲಿ, ಇವರ ಹೊಲಗಳನ್ನು ಸುಟ್ಟು, ಕುರಿಗಳನ್ನು ಕೊಂದು, ಕ್ಯಾನ್ಯನ್ ದ ಶೇ ಕಣಿವೆಯಲ್ಲಿದ್ದ ಪೀಚ್ ತೋಟಗಳನ್ನು ಕಡಿದು ಹಾಕಿತು. ಹಸಿವಿನಿಂದ ಶರಣಾದವರನ್ನು ಸುಮಾರು 480 ಕಿಲೋಮೀಟರ್ ದೂರದ ಬೊಸ್ಕೆ ರೆದೊಂದೊಗೆ ಕಾಲ್ನಡಿಗೆಯಲ್ಲಿ ಅಟ್ಟಿತು. ಪೆಕೊಸ್ ನದಿಯ ದಡದ ಆ ಬಯಲಿನಲ್ಲಿ 8,000ಕ್ಕಿಂತ ಹೆಚ್ಚು ಜನ ನಾಲ್ಕು ವರ್ಷ ಸೆರೆಯಲ್ಲಿದ್ದರು. ನೀರು ಸವುಳು, ನೆಟ್ಟ ಜೋಳವನ್ನು ಹುಳು ತಿಂದಿತು, ಸೌದೆಗೆ ಮೈಲಿಗಟ್ಟಲೆ ನಡೆಯಬೇಕು. ಸರ್ಕಾರ ಕೊಟ್ಟ ಪಡಿತರದಲ್ಲಿ ಗೋಧಿಹಿಟ್ಟು, ಉಪ್ಪು, ಹಂದಿಯ ಕೊಬ್ಬು, ಕಾಫಿಬೀಜ ಇದ್ದವು. ಕಾಫಿಬೀಜವನ್ನು ಕಾಳೆಂದು ತಿಳಿದು ಬೇಯಿಸಿ, ಬೇಯಲೇ ಇಲ್ಲವಲ್ಲ ಎಂದು ಕಂಗಾಲಾದ ಕಥೆಯನ್ನು ಅಜ್ಜಿಯರು ಈಗಲೂ ಹೇಳುತ್ತಾರೆ. ಆ ಹಿಟ್ಟನ್ನು ಆ ಕೊಬ್ಬಿನಲ್ಲಿ ಕರಿದು ಹೊಟ್ಟೆ ತುಂಬಿಸಿಕೊಂಡದ್ದೇ ಈ ರೊಟ್ಟಿಯ ಹುಟ್ಟು ಎಂಬುದು ಅವರ ಮನೆಮನೆಯ ಮಾತು. 1868ರ ಜೂನ್ 1ರಂದು ಒಪ್ಪಂದವಾಗಿ ಅವರು ತಮ್ಮ ನೆಲಕ್ಕೆ ಮರಳಿದರು, ರೊಟ್ಟಿಯೂ ಅವರೊಂದಿಗೆ ಬಂದಿತು.

ಒಗ್ಗರಣೆ ಸೌಟು

ನಾಲ್ಕು ಗಡಿ ಅವರೇ, ನಿಮ್ಮ ಬರಹವನ್ನು ಗೌರವದಿಂದಲೇ ಓದಿದೆ. ಆದರೂ ಒಂದು ಸಂಶಯ. ಸ್ಪೇನಿನವರು ಅದಕ್ಕೂ ಬಹಳ ಮೊದಲೇ ಆ ಪ್ರದೇಶಕ್ಕೆ ಗೋಧಿಯನ್ನು ತಂದಿದ್ದರು, ನ್ಯೂ ಮೆಕ್ಸಿಕೊದಲ್ಲಿ ಸೋಪಪಿಯಾ ಎಂಬ ಕರಿದ ತಿಂಡಿಯೂ ಇದೆ. ಹಾಗಿರುವಾಗ ಎಲ್ಲವೂ ಆ ಸೆರೆಯಲ್ಲಿಯೇ ಹುಟ್ಟಿತು ಎನ್ನುವುದು ಎಷ್ಟು ಸರಿ? ಸೈನ್ಯ ಕೊಟ್ಟ ಹಿಟ್ಟಿನಿಂದ ಮಾಡಿದ್ದನ್ನು ‘ಸಾಂಪ್ರದಾಯಿಕ’ ಎಂದು ಕರೆಯಬಹುದೇ ಎಂಬುದು ಇನ್ನೊಂದು ಪ್ರಶ್ನೆ.

ನಾಲ್ಕು ಗಡಿ

ಮೊದಲನೆಯದನ್ನು ಒಪ್ಪುತ್ತೇನೆ. ಕರಿಯುವ ವಿದ್ಯೆ ನೆರೆಹೊರೆಯಿಂದಲೂ ಬಂದಿರಬಹುದು, ‘ಅವರ ಮನೆಯ ಮಾತು’ ಎಂದು ನಾನು ಬರೆದದ್ದು ಅದಕ್ಕಾಗಿಯೇ. ಆದರೆ ದಿನಕ್ಕೊಂದು ಹೊತ್ತಿನ ಊಟವೇ ಗೋಧಿಹಿಟ್ಟು ಎಂಬ ಸ್ಥಿತಿ ಬಂದದ್ದು ಪಡಿತರದಿಂದ, ಅದರಲ್ಲಿ ಸಂಶಯವಿಲ್ಲ. ಬೇರೆ ಬುಡಕಟ್ಟುಗಳನ್ನೂ ಮೀಸಲು ಪ್ರದೇಶಗಳಿಗೆ ಸೇರಿಸಿದ ಮೇಲೆ ಅವರಿಗೂ ಇದೇ ಹಿಟ್ಟು, ಇದೇ ಕೊಬ್ಬು ದೊರೆಯಿತು. ಉತ್ತರದ ಲಕೋಟ ಜನರಿಂದ ಒಕ್ಲಹೋಮದವರೆಗೆ ಎಲ್ಲರಲ್ಲಿಯೂ ಈ ರೊಟ್ಟಿ ಇರುವುದು ಆ ಕಾರಣಕ್ಕೆ. ದಕ್ಷಿಣ ಡಕೋಟ 2005ರಲ್ಲಿ ಇದನ್ನು ತನ್ನ ಅಧಿಕೃತ ರಾಜ್ಯ ರೊಟ್ಟಿಯೆಂದೇ ಸಾರಿತು.

ಎರಡನೆಯ ಪ್ರಶ್ನೆಯನ್ನು ಅವರೇ ತಮ್ಮೊಳಗೆ ಜಗಳವಾಡಿಕೊಂಡು ಕೇಳುತ್ತಿದ್ದಾರೆ. ಅದೇ 2005ರ ಜನವರಿಯಲ್ಲಿ ಸೂಝನ್ ಹಾರ್ಜೊ ಎಂಬ ಮೂಲನಿವಾಸಿ ಹೋರಾಟಗಾರ್ತಿ, ಈ ರೊಟ್ಟಿಯೇ ನಮ್ಮ ಜನರ ಸಕ್ಕರೆ ಕಾಯಿಲೆಗೂ ಬೊಜ್ಜಿಗೂ ಕಾರಣ, ಇದನ್ನು ಬಿಟ್ಟುಬಿಡೋಣ ಎಂಬ ಅರ್ಥದಲ್ಲಿ ಬರೆದಾಗ ದೊಡ್ಡ ಗದ್ದಲವೇ ಎದ್ದಿತು. ಒಗ್ಲಾಲ ಲಕೋಟ ಬಾಣಸಿಗರಾದ ಶಾನ್ ಶೆರ್ಮನ್ 2021ರಲ್ಲಿ ಮಿನಿಯಾಪೊಲಿಸ್‌ನಲ್ಲಿ ತೆರೆದ ಒವಾಮ್ನಿ ಎಂಬ ಉಪಾಹಾರಗೃಹದಲ್ಲಿ ಗೋಧಿಹಿಟ್ಟು, ಹಾಲು, ಸಕ್ಕರೆ ಯಾವುದನ್ನೂ ಬಳಸುತ್ತಿರಲಿಲ್ಲ, ಹಾಗಾಗಿ ಕರಿದ ರೊಟ್ಟಿಗೂ ಅಲ್ಲಿ ಜಾಗವಿರಲಿಲ್ಲ. ನನ್ನಲ್ಲಿಗೆ ಬರುವ ಹಿರಿಯರಲ್ಲಿ ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಕಳೆದುಕೊಂಡವರು ಅನೇಕರು. ಅವರಿಗೆ ವ್ಯಾಯಾಮ ಹೇಳಿಕೊಡುವಾಗ ಎಣ್ಣೆಯ ತಿಂಡಿ ಕಡಿಮೆ ಮಾಡಿ ಎಂದು ನಾನೇ ಹೇಳುತ್ತೇನೆ. ಮರುವಾರ ಅವರಲ್ಲಿಯೇ ಒಬ್ಬರು ಕಾಗದದಲ್ಲಿ ಸುತ್ತಿದ ಬಿಸಿ ರೊಟ್ಟಿ ತಂದು ಮೇಜಿನ ಮೇಲಿಟ್ಟು ಹೋಗುತ್ತಾರೆ. ನಾನು ತಿನ್ನುತ್ತೇನೆ.

ಹಳೆಯ ಮೇಷ್ಟ್ರು

‘ಸಾಂಪ್ರದಾಯಿಕ’ ಎಂಬ ಮಾತಿನ ಬಗ್ಗೆ ನನ್ನದೂ ಒಂದೆರಡು ಸಾಲು ಇರಲಿ. ನಾನು ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಓದಿದವನು, ಆಮೇಲೆ ಅಂಥದೇ ಶಾಲೆಗಳಲ್ಲಿ ಕಲಿಸಿದವನು. 1960ರ ದಶಕದ ಕೊನೆಯಲ್ಲಿ ನಮಗೆ ಮಧ್ಯಾಹ್ನ ಕೇರ್ ಎಂಬ ಅಮೆರಿಕದ ನೆರವು ಸಂಸ್ಥೆಯ ಉಪ್ಪಿಟ್ಟು ಕೊಡುತ್ತಿದ್ದರು. ಅಮೆರಿಕದಿಂದ ಬಂದ ಗೋಧಿ ನುಚ್ಚು, ಹಳದಿ ಬಣ್ಣ, ನಮ್ಮ ಮನೆಯ ರವೆಯಂತೆ ಅರಳದೆ ಹಲ್ಲಿಗೆ ಸಿಕ್ಕುವಂಥದ್ದು. ಚೀಲದ ಮೇಲೆ ಕೈಗೆ ಕೈ ಕೊಟ್ಟ ಚಿತ್ರವಿರುತ್ತಿತ್ತು. ಹಾಲಿನ ಪುಡಿಯನ್ನು ಬಿಸಿನೀರಿಗೆ ಕದಡಿ ಕೊಡುತ್ತಿದ್ದರು, ಗಂಟು ಗಂಟಾಗಿ ಉಳಿದ ಪುಡಿಯನ್ನು ಅಂಗೈಯಲ್ಲಿ ಹಾಕಿಸಿಕೊಂಡು ನೆಕ್ಕಲು ನಾವು ಸಾಲು ನಿಲ್ಲುತ್ತಿದ್ದೆವು.

ಅಲ್ಲಿ ಮನೆ ಸುಟ್ಟವರೇ ಹಿಟ್ಟು ಕೊಟ್ಟರು, ನಮಗೆ ಬಂದದ್ದು ಬರಗಾಲದ ಕಾಲದ ನೆರವು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು, ನಾನು ತೂಗುತ್ತಿಲ್ಲ. ಆದರೆ ರಾಗಿ, ನವಣೆ ತಿಂದು ಬೆಳೆಯುತ್ತಿದ್ದ ನಮ್ಮ ನಾಲಿಗೆಗೆ ಆ ಪರದೇಶದ ನುಚ್ಚು ಹೇಗೆ ಹಿಡಿಯಿತೆಂದರೆ, ಮೊನ್ನೆ ಹಳೆಯ ವಿದ್ಯಾರ್ಥಿಗಳು ಸೇರಿದಾಗ ಎಪ್ಪತ್ತು ದಾಟಿದವರೆಲ್ಲ ಒಕ್ಕೊರಲಿನಿಂದ ಕೇಳಿದ್ದು ಹೋಳಿಗೆಯನ್ನಲ್ಲ, ಆ ಉಪ್ಪಿಟ್ಟನ್ನು. ಅಂಗಡಿಯಿಂದ ಗೋಧಿ ನುಚ್ಚು ತರಿಸಿ ಮಾಡಿದೆವು. ಈರುಳ್ಳಿ, ಕರಿಬೇವು, ಗೋಡಂಬಿ ಹಾಕಿದ್ದರಿಂದ ಯಾರಿಗೂ ರುಚಿಸಲಿಲ್ಲ. ಆಗಿನದರಲ್ಲಿ ಸಾಸಿವೆ, ಒಣಮೆಣಸಿನಕಾಯಿ ಬಿಟ್ಟರೆ ಏನೂ ಇರುತ್ತಿರಲಿಲ್ಲ. ಆದುದರಿಂದ ತಂಗಿಗೆ ನನ್ನ ಸಲಹೆ ಇಷ್ಟೇ: ಅಜ್ಜಿ ನಾಲ್ಕು ಬೆರಳು ಮಡಚಿದ್ದರೆ ಐದನೆಯದನ್ನು ಸೇರಿಸಬೇಡಮ್ಮ.

ಕಡಲತಡಿ

ಮೇಷ್ಟ್ರೇ, ಮೊಸರು ಸೇರಿಸಿ ಎಂದ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಒಂದು ಸಂದೇಹ ಮಾತ್ರ ಉಳಿದಿದೆ. ನಾಲ್ಕು ಗಡಿ ಅವರೇ, ಹಂದಿಯ ಕೊಬ್ಬಿನಲ್ಲಿ ಕರಿಯುತ್ತಾರೆ ಎಂದಿರಿ, ಸಸ್ಯಾಹಾರಿಗಳು ಅಲ್ಲಿ ತಿನ್ನುವುದು ಹೇಗೆ?

ನಾಲ್ಕು ಗಡಿ

ಕೇಳಿ ತಿನ್ನಬೇಕು. ಲಾರ್ಡ್, ಅಂದರೆ ಹಂದಿಯ ಕೊಬ್ಬು, ಬಳಸುವವರು ಈಗಲೂ ಇದ್ದಾರೆ. ವನಸ್ಪತಿಯಂಥ ಶಾರ್ಟನಿಂಗ್ ಅಥವಾ ಎಣ್ಣೆ ಬಳಸುವವರೂ ಅಷ್ಟೇ ಇದ್ದಾರೆ. ಕೇಳಿದರೆ ಯಾರೂ ಬೇಸರಪಡುವುದಿಲ್ಲ. ಮನೆಯಲ್ಲಿ ಸೂರ್ಯಕಾಂತಿ ಎಣ್ಣೆಯಾದೀತು. ಗಟ್ಟಿಯಾಗುವ ಕೊಬ್ಬಿನಲ್ಲಿ ಕರಿದರೆ ಆರಿದ ಮೇಲೂ ಹೊರಪದರ ಒಣಗಿದಂತೆ ಇರುತ್ತದೆ, ಎಣ್ಣೆಯಲ್ಲಿ ಕರಿದದ್ದು ತುಸು ಜಿಡ್ಡೆನಿಸುತ್ತದೆ. ಬಿಸಿಯಾಗಿಯೇ ತಿಂದರೆ ವ್ಯತ್ಯಾಸ ತಿಳಿಯದು. ಬಾಣಲೆಗಿಂತ ದಪ್ಪ ತಳದ, ಅಗಲವಾದ ಬೀಡಿನ ಕಬ್ಬಿಣದ ಪಾತ್ರೆ ಉತ್ತಮ, ಎರಡು ಬೆರಳು ಆಳದ ಎಣ್ಣೆ ಸಾಕು.

ಕೆರೆದಂಡೆ

ಮೂರನೆಯ ಪ್ರಯತ್ನದ ವರದಿ ಒಪ್ಪಿಸುತ್ತಿದ್ದೇನೆ.

ಬ್ಲೂ ಬರ್ಡ್ ಹಿಟ್ಟು ಸಿಕ್ಕಿತು, ಆದರೆ ಅಂಗಡಿಯಲ್ಲಿ ಉಳಿದದ್ದು ಒಂಬತ್ತು ಕಿಲೋ ಚೀಲವೊಂದೇ. ಯಜಮಾನರು ಚೀಲವನ್ನೂ ನನ್ನನ್ನೂ ಒಮ್ಮೆ ನೋಡಿ, ಎತ್ತಿಕೊಂಡು ಕಾರಿನಲ್ಲಿಟ್ಟರು. 500 ಗ್ರಾಂ ಹಿಟ್ಟಿಗೆ ಎರಡು ಟೀ ಚಮಚ ಬೇಕಿಂಗ್ ಪೌಡರ್, ಒಂದು ಟೀ ಚಮಚ ಉಪ್ಪು ಹಾಕಿದೆ. ಇಲ್ಲಿಯ ಗಾಳಿ ಬಹಳ ಒಣಗಿದುದರಿಂದಲೋ ಏನೋ 360ಕ್ಕೆ ಸಾಲದೆ ಇನ್ನೂ ಎರಡು ಚಮಚ ನೀರು ಬೇಕಾಯಿತು. ನಾದಬಾರದೆಂದು ಗೊತ್ತಿದ್ದರೂ ಕೈ ತಾನಾಗಿ ನಾದಲು ಹೋಗುತ್ತಿತ್ತು, ಮೂವತ್ತು ವರ್ಷದ ಚಪಾತಿಯ ಅಭ್ಯಾಸ. ಕೊನೆಗೆ ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಇನ್ನೊಂದರ ಬೆರಳುಗಳಿಂದ ಮಾತ್ರ ಕಲಸಿದೆ. ಮುಕ್ಕಾಲು ಗಂಟೆ ಮುಚ್ಚಿಟ್ಟು ತೆಗೆದಾಗ ಹಿಟ್ಟು ಕಿವಿಯ ಹಾಲೆಯಷ್ಟು ಮೆತ್ತಗಾಗಿತ್ತು.

ತಟ್ಟುವುದು ಬರಲಿಲ್ಲ, ನಿಜವನ್ನೇ ಹೇಳುತ್ತೇನೆ. ಮೊದಲನೆಯದು ಮೊಣಕೈಗೆ ಜೋತುಬಿದ್ದಿತು. ಎರಡನೆಯದು ಕರ್ನಾಟಕದ ಭೂಪಟದಂತಾಯಿತು, ಬೀದರ್ ಕಡೆ ತೆಳ್ಳಗೆ, ಚಾಮರಾಜನಗರದ ಕಡೆ ದಪ್ಪಗೆ. ಐದನೆಯದಕ್ಕೆ ಸಜ್ಜೆರೊಟ್ಟಿ ಅವರು ಹೇಳಿದ ‘ತೂಕಕ್ಕೆ ದಾರಿ ಬಿಟ್ಟುಕೊಡುವುದು’ ಎಂದರೇನೆಂದು ಕೈಗೆ ಅರ್ಥವಾಯಿತು. ಅದನ್ನು ಎಣ್ಣೆಗೆ ಬಿಟ್ಟಾಗ ಮೊದಲು ಅಂಚಿನಲ್ಲಿ ಸಣ್ಣ ನೊರೆ, ಆಮೇಲೆ ಮೈಯೆಲ್ಲ ಒಂದೊಂದಾಗಿ ಗುಳ್ಳೆ ಎದ್ದವು. ಕಡ್ಡಿಯಿಂದ ತಿರುವಿ ಹಾಕಿದರೆ ಕೆಳಬದಿ ಅದೇ ಸಂತೆಯ ಹೊಂಬಣ್ಣ. ಒಂದೊಂದು ಬದಿಗೆ ಒಂದೂವರೆ ನಿಮಿಷ ಹಿಡಿಯಿತು. ಹರಿದು ನೋಡಿದೆ, ಎಳೆ ಬಂದಿತ್ತು.

ನನ್ನ ಕಚೇರಿಯಲ್ಲಿ ಜೊತೆಗೆ ಕೆಲಸ ಮಾಡುವ ನವಾಹೊ ಗೆಳತಿಗೆ ಮರುದಿನ ಎರಡನ್ನು ಕಟ್ಟಿಕೊಂಡು ಹೋದೆ. ಅವಳು ಮೈಕ್ರೊವೇವ್‌ಗೆ ಇಡಲು ಒಪ್ಪದೆ, ತಣ್ಣಗಿದ್ದುದನ್ನೇ ಮುರಿದು ತಿಂದಳು. ಉಪ್ಪು ಸರಿಯಿದೆ, ದಪ್ಪ ಸ್ವಲ್ಪ ಹೆಚ್ಚಾಯಿತು, ನಿನ್ನ ರೊಟ್ಟಿ ನನ್ನ ಚಿಕ್ಕಮ್ಮನದರಂತಿದೆ, ಅಮ್ಮನದರಂತಿಲ್ಲ ಎಂದಳು. ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದೆ. ಚಿಕ್ಕಮ್ಮನ ಮನೆಗೂ ನಾವು ಹೋಗುತ್ತೇವೆ ಎಂದು ಉತ್ತರ ಬಂದಿತು.

ಹಿಟ್ಟಿನ ಲೆಕ್ಕ

ಅಭಿನಂದನೆಗಳು. ಹೆಚ್ಚು ನೀರು ಬೇಕಾದದ್ದು ಸಹಜವೇ, ಒಣ ಹವೆಯಲ್ಲಿ ಇಟ್ಟ ಹಿಟ್ಟಿನಲ್ಲಿ ತೇವಾಂಶ ಕಡಿಮೆ ಇರುತ್ತದೆ. ಅಳತೆಗಿಂತ ಕೈಯನ್ನೇ ನಂಬಿ.

ಸಜ್ಜೆರೊಟ್ಟಿ

ಅಕ್ಕ, ಐದನೆಯದಕ್ಕೆ ಬಂದಿತೆಂದರೆ ಬೇಗನೆ ಬಂದಿತು. ನನಗೆ ಜೋಳದ ರೊಟ್ಟಿ ಕಲಿಯಲು ಒಂದು ಬೇಸಿಗೆ ರಜೆ ಹಿಡಿದಿತ್ತು, ಹರಿದವುಗಳೆಲ್ಲ ಎಮ್ಮೆಯ ಪಾಲಾಗುತ್ತಿದ್ದವು.

ಒಗ್ಗರಣೆ ಸೌಟು

ಕಲಸಿದ ಹಿಟ್ಟು ಉಳಿದರೆ ಫ್ರಿಜ್‌ನಲ್ಲಿ ಇಡಬಹುದೇ? ನಮ್ಮ ಮನೆಯಲ್ಲಿ ಇಬ್ಬರೇ ಇರುವುದು, 500 ಗ್ರಾಂ ಹೆಚ್ಚಾಗುತ್ತದೆ.

ಕೆರೆದಂಡೆ

ಇಟ್ಟು ನೋಡಿದೆ. ಎರಡು ಉಂಡೆಗೆ ಎಣ್ಣೆ ಸವರಿ, ಡಬ್ಬಿಯಲ್ಲಿ ಮುಚ್ಚಿಟ್ಟು, ಮರುದಿನ ಸಂಜೆ ತೆಗೆದು ಒಂದು ಗಂಟೆ ಹೊರಗಿಟ್ಟು ಕರಿದೆ. ಬಣ್ಣ ತುಸು ಬೂದಾಯಿತು, ಉಬ್ಬು ಸ್ವಲ್ಪ ಕಡಿಮೆ, ತಿನ್ನಲು ಅಡ್ಡಿಯಿಲ್ಲ. ಮೂರನೆಯ ದಿನಕ್ಕೆ ಉಳಿಸಬೇಡಿ. ಇಬ್ಬರಿಗಾದರೆ 200 ಗ್ರಾಂ ಕಲಸಿ, ನಾಲ್ಕು ರೊಟ್ಟಿ ಬರುತ್ತದೆ. ನನ್ನ ಬಳಿ ಇನ್ನೂ ಎಂಟು ಕಿಲೋ ಹಿಟ್ಟಿದೆ, ಅಲ್ಬುಕರ್ಕಿಯಲ್ಲಿ ಯಾರಾದರೂ ಇದ್ದರೆ ತಿಳಿಸಿ, ಅರ್ಧ ಕೊಡುತ್ತೇನೆ. ಚೀಲದ ಬಟ್ಟೆ ಮಾತ್ರ ನನಗಿರಲಿ.